ಪಾಲಿ ಭಾವನ ಹಿಂದಿನ ಸೀಟು

ನಮ್ಮ ಗ್ಯಾರೇಜಿಗೆ ಸಸ್ಪೆನ್ಷನ್ ಕೆಲಸಕ್ಕೆಂದು ಯಾರೇ ಬರಲಿ, ಭಾವ ಮೊದಲು ಕೇಳುವುದು ಒಂದೇ ಮಾತು. "ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ?"

ಗಿರಾಕಿಗಳು ಕಕ್ಕಾಬಿಕ್ಕಿಯಾಗುತ್ತಾರೆ. ಗಾಡಿ ಎಷ್ಟು ಓಡಿದೆ, ಸದ್ದು ಯಾವ ಕಡೆಯಿಂದ ಬರುತ್ತದೆ ಎಂದು ಕೇಳುವುದು ಬಿಟ್ಟು ಇವರಿಗೇಕೆ ನಮ್ಮ ಮನೆಯ ಉಸಾಬರಿ ಎಂದು ಕೆಲವರ ಮುಖ ಗಂಟಾಗುತ್ತದೆ. ಮೊನ್ನೆ ಹೊಸದಾಗಿ ಮದುವೆಯಾದವನೊಬ್ಬ, "ಯಾಕೆ ಸಾರ್, ಹಿಂದೆ ಕೂರೋರಿಗೆ ಟಿಕೆಟ್ ಹರಿದು ಕೊಡ್ತೀರಾ?" ಅಂದ. ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಭಾವ ನಗಲಿಲ್ಲ. "ಮನೇಲಿ ಅಜ್ಜಿ ಇದ್ದಾರಾ? ಸೊಂಟ ನೋವಿನವರು, ಆಪರೇಷನ್ ಆದವರು ಯಾರಾದ್ರೂ?" ಎಂದು ಪೊಲೀಸಿನವರ ಹಾಗೆ ವಿಚಾರಿಸಿ, ಆಮೇಲೆಯೇ ರಬ್ಬರ್ ಬುಶ್ಶೋ ಪಾಲಿ ಬುಶ್ಶೋ ಎಂದು ಬಾಯಿ ಬಿಟ್ಟರು. ಆ ಹುಡುಗನಿಗೆ ಬೇಕಾಗಿದ್ದದ್ದು ಪಾಲಿ. ಸಿಕ್ಕಿದ್ದು ರಬ್ಬರ್. ಅವನ ತಾಯಿಗೆ ಮಂಡಿ ನೋವಂತೆ.

ಭಾವ ಮೊದಲು ಹೀಗಿರಲಿಲ್ಲ. ಈ ಬೀದಿಯ ಗ್ಯಾರೇಜುಗಳ ಸಾಲಿನಲ್ಲಿ ಅವರಿಗೆ ಇವತ್ತಿಗೂ ಪಾಲಿ ಎಂದೇ ಹೆಸರು. ಟೈರಿನವರು, ಪೇಂಟಿನವರು, ಎದುರಿನ ಟೀ ಅಂಗಡಿಯವರು, ಎಲ್ಲರಿಗೂ ಅವರು ಪಾಲಿ ಮೇಸ್ತ್ರಿ. ನಾನೂ ಹಿಂದಿನಿಂದ ಪಾಲಿ ಭಾವ ಅನ್ನುತ್ತೇನೆ. ಎದುರಿಗೂ ಒಂದೆರಡು ಸಲ ಅಂದಿದ್ದೇನೆ. ನಾದಿನಿ ಅನ್ನುವ ಸಲಿಗೆಯನ್ನು ನಾನು ಯಾವತ್ತೂ ಸುಮ್ಮನೆ ಹಾಳುಮಾಡಿದವಳಲ್ಲ.

ಬುಶ್ ಅಂದರೇನು ಎಂದು ಕೌಂಟರಿಗೆ ಬಂದವರು ಕೇಳಿದರೆ ನಾನು ನನ್ನ ಮೊಣಕಾಲನ್ನೇ ತೋರಿಸುತ್ತೇನೆ. ಮೂಳೆಗೂ ಮೂಳೆಗೂ ನಡುವೆ ಮೆತ್ತಗಿನದೊಂದು ಇರುತ್ತದಲ್ಲ, ಗಾಡಿಗೆ ಅದೇ ಬುಶ್. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು ಗಾಡಿಯ ಮೈಗೆ ಸೇರುವ ಕಡೆ, ಕಬ್ಬಿಣ ಕಬ್ಬಿಣಕ್ಕೆ ಬಡಿಯದ ಹಾಗೆ ಕೂರಿಸಿದ ದಪ್ಪ ಬಳೆ. ಗಾಡಿಯ ಜೊತೆ ಬರುವುದು ಕಪ್ಪು ರಬ್ಬರಿನದು. ಅದು ರಸ್ತೆಯ ಪೆಟ್ಟನ್ನೆಲ್ಲ ತಾನು ನುಂಗುತ್ತದೆ, ನುಂಗಿ ನುಂಗಿ ಒಂದು ದಿನ ಬಿರುಕು ಬಿಡುತ್ತದೆ. ಪಾಲಿಯುರೆಥೇನ್ ಆಮೇಲೆ ಬಂದದ್ದು. ಕೆಂಪು, ಹಳದಿ, ನೀಲಿ, ನೋಡಲು ಮಕ್ಕಳ ಆಟದ ಸಾಮಾನು. ಆದರೆ ಗಟ್ಟಿ. ಬೇಗ ಸವೆಯುವುದಿಲ್ಲ, ಎಣ್ಣೆ ಬಿದ್ದರೆ ಕೊಳೆಯುವುದಿಲ್ಲ, ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುತ್ತದೆ. ಒಂದೇ ಒಂದು ವಿಷಯ, ಅದು ಪೆಟ್ಟನ್ನು ತಾನು ಇಟ್ಟುಕೊಳ್ಳುವುದಿಲ್ಲ. ಒಳಗೆ ಕೂತವರಿಗೆ ದಾಟಿಸಿಬಿಡುತ್ತದೆ.

ಗ್ಯಾರೇಜು ಕಟ್ಟಿದವನು ನನ್ನ ಅಪ್ಪ. ಅಪ್ಪ ರಬ್ಬರಿನ ಕಾಲದವನು, ಪಿಟ್ಟಿನ ಕಾಲದವನು. ನೆಲದಲ್ಲಿ ಮನುಷ್ಯ ನಿಲ್ಲುವಷ್ಟು ಆಳದ ಗುಂಡಿ ತೋಡಿಸಿ, ಅದರ ಮೇಲೆ ಗಾಡಿ ನಿಲ್ಲಿಸಿ, ಕೆಳಗಿಳಿದು ತಲೆಯೆತ್ತಿ ಕೆಲಸ ಮಾಡುತ್ತಿದ್ದ. ಭಾವ ಅವನ ಹತ್ತಿರ ಕೆಲಸ ಕಲಿಯಲು ಬಂದವರು. ಕೆಲಸ ಕಲಿತರು, ಅಕ್ಕನನ್ನೂ ಮೆಚ್ಚಿಸಿದರು. ಎರಡರಲ್ಲಿ ಯಾವುದು ಮೊದಲು ಎಂದು ಅಕ್ಕ ಇನ್ನೂ ಹೇಳಿಲ್ಲ. ಅಪ್ಪ ಮಾತಿಲ್ಲದೆ ಒಪ್ಪಿ ಮದುವೆ ಮಾಡಿದ. ಮದುವೆಯ ಮಾರನೆಯ ದಿನದಿಂದ ಪಿಟ್ಟಿನೊಳಗೆ ಗ್ರೀಸು ಮೆತ್ತಿಕೊಂಡು ನಿಂತಾಗಲೂ "ಅಳಿಯಂದ್ರೇ, ಸ್ಪ್ಯಾನರ್ ಕೊಡಿ" ಎಂದು ಮರ್ಯಾದೆ ಕೊಡತೊಡಗಿದ.

ಜಗಳ ಬಂದದ್ದು ಪಾಲಿಯಿಂದ. ಭಾವ ಒಂದು ದಿನ ಬಣ್ಣಬಣ್ಣದ ಬುಶ್ಶುಗಳ ಪೆಟ್ಟಿಗೆ ತಂದು ಕೌಂಟರಿನ ಮೇಲಿಟ್ಟರು. ಅಪ್ಪ ಒಂದನ್ನು ಉಗುರಿನಿಂದ ಒತ್ತಿ ನೋಡಿದ.

"ಇದು ಒಳಗೆ ಕೂತೋರನ್ನ ಕುಟ್ಟುತ್ತೆ ಅಳಿಯಂದ್ರೇ."

"ಮಾವ, ರಬ್ಬರ್ ಹಾಕಿ ಹಾಕಿ ಅದೇ ಗಾಡಿ ಮತ್ತೆ ಮತ್ತೆ ಬಂದು ನಿಲ್ಲುತ್ತೆ. ಜನಕ್ಕೆ ಈಗ ಪುರುಸೊತ್ತಿಲ್ಲ. ಒಂದ್ಸಲ ಹಾಕಿದ್ರೆ ಮರೆತುಬಿಡಬೇಕು, ಅಂಥದ್ದು ಬೇಕು."

"ಮರೆಯೋಕೆ ಡ್ರೈವರಿಗೆ ಮಾತ್ರ ಆಗುತ್ತೆ."

"ನೀವು ಹಳೇದನ್ನ ಬಿಡಲ್ಲ ಮಾವ. ಅದಕ್ಕೇ ಪಕ್ಕದ ಗ್ಯಾರೇಜಿನವರು ಮುಂದೆ ಹೋದ್ರು."

ಗಿರಾಕಿಗಳ ಎದುರಿಗೆ ಆಡಿದ ಮಾತು. ಅಪ್ಪ ಕೈ ಒರೆಸಿಕೊಂಡು ಮನೆಗೆ ಹೋದ. ಮಾರನೆಯ ದಿನ ಬೆಳಗ್ಗೆ ಗ್ಯಾರೇಜಿನ ಬೀಗದ ಕೈ ತಂದು ಭಾವನ ಅಂಗೈಯಲ್ಲಿಟ್ಟು, "ಇನ್ನು ಇದು ನಿಮ್ಮದು. ಕೆಲಸದ ವಿಷಯಕ್ಕೆ ನಾನಿನ್ನು ಬಾಯಿ ಹಾಕಲ್ಲ" ಅಂದ. ಸಿಟ್ಟಿನ ಮಾತು, ಇಳಿಯುತ್ತದೆ ಅಂದುಕೊಂಡೆವು. ಇಳಿಯಲಿಲ್ಲ, ಯಾಕೆಂದರೆ ಅದು ಸಿಟ್ಟೇ ಆಗಿರಲಿಲ್ಲ. ಅಪ್ಪ ಮನೆಯಲ್ಲಿ ಎಲ್ಲರ ಜೊತೆ ನಗುನಗುತ್ತಲೇ ಇದ್ದ. ಊಟಕ್ಕೆ ಕೂತಾಗ ಭಾವನ ತಟ್ಟೆಗೆ ತಾನೇ ಬಡಿಸುತ್ತಿದ್ದ. ಗಾಡಿಯ ಮಾತು ಬಂದರೆ ಮಾತ್ರ ನೀರು ಕುಡಿಯುತ್ತಿದ್ದ. ಗ್ಯಾರೇಜಿನ ಮುಂದಿನ ಚರಂಡಿಯ ಕಲ್ಲು ದಾಟಿ ಮತ್ತೆ ಒಳಗೆ ಕಾಲಿಡಲಿಲ್ಲ.

ಭಾವ ಗೆದ್ದರು. ಪಾಲಿಗೆ ಒಳ್ಳೆಯ ಹೆಸರು ಬಂತು. ಪಿಟ್ಟಿಗೆ ಹಲಗೆ ಮುಚ್ಚಿ ಮೇಲೆ ಹಳೆಯ ಟೈರು ಪೇರಿಸಿದರು. ಅದರ ಪಕ್ಕದಲ್ಲಿ ಎರಡು ಕಂಬದ ಲಿಫ್ಟ್ ಬಂತು. ಬಟನ್ ಒತ್ತಿದರೆ ಇಡೀ ಗಾಡಿ ಮೇಲೇರಿ, ನಾಲ್ಕು ಚಕ್ರವೂ ಗಾಳಿಯಲ್ಲಿ ಜೋತಾಡುತ್ತಿದ್ದವು. ಭಾವ ತಮ್ಮ ಸ್ವಂತ ಕಾರಿಗೆ ಹಿಂದೆ ಮುಂದೆ ಎಲ್ಲ ಕಡೆ ಕೆಂಪು ಪಾಲಿ ಹಾಕಿದರು. ಗಿರಾಕಿಗಳನ್ನು ಅದರಲ್ಲಿ ಕೂರಿಸಿಕೊಂಡು, ವೃತ್ತದ ಹತ್ತಿರ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸಿ, "ನೋಡಿ, ಒಂಚೂರಾದ್ರೂ ವಾಲಿತಾ?" ಅನ್ನುತ್ತಿದ್ದರು. ಗಿರಾಕಿ ಕೂರುತ್ತಿದ್ದದ್ದು ಯಾವಾಗಲೂ ಮುಂದೆ, ಅವರ ಪಕ್ಕದಲ್ಲಿ.

ಹೀಗಿರುವಾಗ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದ. ಸೊಂಟದ ಕೀಲು ಮುರಿಯಿತು.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ನನಗೆ ಭಾವನ ಜೊತೆ ಎಷ್ಟು ಜಗಳವಿದ್ದರೂ, ಆವತ್ತು ಅಪ್ಪನನ್ನು ಒದ್ದೆ ಬಟ್ಟೆಯಲ್ಲೇ ಎರಡು ತೋಳಲ್ಲಿ ಎತ್ತಿಕೊಂಡು ಬಂದವರು ಅವರು. ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವರು ಅವರು. ಆಪರೇಷನ್ ಆಗಿ ಪ್ಲೇಟು ಕೂರಿಸಿದ ಮೇಲೆ ಡಾಕ್ಟರು, "ಮೊದಲಿನ ಕೆಲವು ತಿಂಗಳೇ ಮುಖ್ಯ. ದಿನ ಬಿಟ್ಟು ದಿನ ಫಿಸಿಯೋಥೆರಪಿಗೆ ಬರಬೇಕು. ಬಿಟ್ರೆ ಕೀಲು ಬಿಗಿದುಕೊಳ್ಳುತ್ತೆ, ಆಮೇಲೆ ಯಾರು ಏನು ಮಾಡಿದ್ರೂ ನೆಟ್ಟಗೆ ನಡೆಯೋಕಾಗಲ್ಲ" ಅಂದರು. ಭಾವ ಗಿರಾಕಿಗಳಿಗೆ ಕಾಯಲು ಹೇಳಿ, ಪ್ರತಿ ಸಲವೂ ತಾವೇ ಕರೆದುಕೊಂಡು ಹೋಗುತ್ತಿದ್ದರು. ತಮ್ಮದೇ ಕಾರಿನಲ್ಲಿ. ಹಿಂದಿನ ಸೀಟಿಗೆ ದಿಂಬು ಬೇರೆ ಹಾಕಿ.

ಮೊದಮೊದಲು ಅಪ್ಪ ಹೊರಡುತ್ತಿದ್ದ. ಆಮೇಲೆ ನೆಪಗಳು ಶುರುವಾದವು. ಒಂದು ದಿನ ಹೊಟ್ಟೆ ಸರಿಯಿಲ್ಲ, ಇನ್ನೊಂದು ದಿನ ತಲೆ ಸುತ್ತು, ಮತ್ತೊಂದು ದಿನ ಏನೂ ಇಲ್ಲ, ಸುಮ್ಮನೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದ. ಅಕ್ಕ ಪುಸಲಾಯಿಸಿದಳು. ನಾನು ಗದರಿದೆ. ಫಿಸಿಯೋಥೆರಪಿಯ ಹುಡುಗಿ, "ಇವರು ಬರುವಾಗಲೇ ಸುಸ್ತಾಗಿ ಬರ್ತಾರೆ. ನೋವು ಇಳಿಯಲಿ ಅಂತ ಕೂರಿಸಿ ಕೂರಿಸಿ ನನ್ನ ಟೈಮ್ ಮುಗಿದುಹೋಗುತ್ತೆ. ಆಟೋದಲ್ಲಿ ಬರ್ತೀರಾ?" ಎಂದು ಕೇಳಿದ್ದಳು. ಭಾವನಿಗೆ ಅವಮಾನವಾಗಿತ್ತು. "ನನ್ನ ಸ್ವಂತ ಕಾರಲ್ಲಿ ಕರ್ಕೊಂಡು ಬರ್ತೀನಮ್ಮ" ಅಂದಿದ್ದರಂತೆ.

ಒಂದು ಬೆಳಗ್ಗೆ ಕಾರು ಬಾಗಿಲಿಗೆ ಬಂದು ನಿಂತಿತ್ತು. ಅಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. "ಇವತ್ತೊಂದು ದಿನ ಬೇಡ" ಅಂದ. ಭಾವ ಒಂದು ಸಲ ಹೇಳಿದರು, ಎರಡು ಸಲ ಹೇಳಿದರು, ಆಮೇಲೆ ಅವರ ತಾಳ್ಮೆ ಹರಿಯಿತು.

"ನೋವಿಗೆ ಇಷ್ಟು ಹೆದರೋ ಹೇಡೀನ ನಾನು ನೋಡಿಲ್ಲ ಮಾವ. ಅಲ್ಲಿ ನಿಮಗಿಂತ ವಯಸ್ಸಾದವರು ಹಲ್ಲು ಕಚ್ಕೊಂಡು ನಡೀತಾರೆ. ನೀವು ಹೀಗೇ ಕೂತಿರಿ. ಎಷ್ಟು ದಿನ ಅಂತ ನಾವು ಎತ್ತಿ ಇಳಿಸ್ತಾ ಇರೋದು?"

ಕೊನೆಯ ಮಾತು ಬಾಯಿ ಬಿಟ್ಟು ಬಂದ ಕೂಡಲೇ ಅವರಿಗೇ ತಪ್ಪು ಗೊತ್ತಾಯಿತು. ಆದರೆ ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅಕ್ಕ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋಗಿದ್ದಳು. ಅಪ್ಪ ವಾಕರ್ ಹಿಡಿದು ಎದ್ದ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತ. ಒಳ್ಳೆಯ ಕಡೆಯ ಸೊಂಟದ ಮೇಲೆ ಭಾರ ಹಾಕಿ, ಓರೆಯಾಗಿ, ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಅವನು ಯಾವಾಗಲೂ ಹಾಗೆಯೇ ಕೂರುತ್ತಿದ್ದ. ನಾವೆಲ್ಲ ಅದನ್ನು ಪ್ರತಿ ಸಲ ನೋಡುತ್ತಿದ್ದೆವು, ಒಬ್ಬರಿಗೂ ಏನೂ ಹೊಳೆಯಲಿಲ್ಲ. ಮೂರೂ ಜನ ಗಾಡಿಯ ಸಾಮಾನಿನ ನಡುವೆಯೇ ಬದುಕಿದವರು.

ಆಮೇಲೆ ಕರೆದ ದಿನ ಅಪ್ಪ ಹೋಗುತ್ತಿದ್ದ, ಮೈ ಕೈ ಕೊಟ್ಟ ದಿನ ಜ್ವರ ಎಂದು ಮಲಗುತ್ತಿದ್ದ. ಜ್ವರ ಸುಳ್ಳಲ್ಲ, ಮುಟ್ಟಿದರೆ ಬಿಸಿಯಿರುತ್ತಿತ್ತು. ಹೋದ ದಿನಕ್ಕಿಂತ ತಪ್ಪಿದ ದಿನವೇ ಹೆಚ್ಚಾಯಿತು.

ನಿಜ ಗೊತ್ತಾದದ್ದು ನನ್ನ ಬಾಯಿಬಡುಕತನದಿಂದ. ಒಂದು ದಿನ ಭಾವನ ಕಾರಿನ ಗೇರ್ ಬಾಕ್ಸ್ ಬಿಚ್ಚಿ ಹರಡಿದ್ದರು. ಅಪ್ಪನನ್ನು ನಾನು ಕರೆದುಕೊಂಡು ಹೋಗಬೇಕಾಯಿತು. ಅಪ್ಪನ ಕಾಲದ ಗಿರಾಕಿ ಒಬ್ಬ ಮುದಿ ಟ್ಯಾಕ್ಸಿಯವನಿದ್ದಾನೆ. ಅವನ ಗಾಡಿಗೆ ರಬ್ಬರ್ ಬಿಟ್ಟು ಬೇರೇನೂ ಹಾಕಿದ್ದಿಲ್ಲ. ತಿರುವಿನಲ್ಲಿ ಅದು ಎಷ್ಟು ವಾಲುತ್ತದೆಂದರೆ ಭಾವ ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟಿದ್ದರು. ಬೇರೆ ದಾರಿಯಿಲ್ಲದೆ ಆ ತೊಟ್ಟಿಲಲ್ಲೇ ಹೊರಟೆವು. ಆಸ್ಪತ್ರೆಯ ರಸ್ತೆ ಸಿಮೆಂಟಿನ ಚಪ್ಪಡಿಗಳದ್ದು, ಚಪ್ಪಡಿಗೊಂದು ಸಂದು, ಸಂದಿಗೊಂದು ಕುಲುಕು. ಸ್ವಲ್ಪ ದೂರ ಹೋದ ಮೇಲೆ ಅಪ್ಪ ಹಿಡಿಯಿಂದ ಒಂದು ಕೈ ತೆಗೆದ, ಆಮೇಲೆ ಇನ್ನೊಂದು. ಕಿಟಕಿಯಾಚೆ ನೋಡುತ್ತಾ, "ಆ ಕನ್ನಡಕದ ಅಂಗಡಿ ಮುಚ್ಚಿಬಿಟ್ರಾ?" ಅಂದ. ಆಮೇಲೆ ನಿದ್ದೆ ಹೋದ. ಆವತ್ತು ಎರಡು ಕಂಬಿಗಳ ನಡುವೆ ಕೊನೆಯವರೆಗೂ ನಡೆದು, ತಿರುಗಿ, ವಾಪಸು ನಡೆದುಬಂದ. ಹುಡುಗಿ ಚಪ್ಪಾಳೆ ತಟ್ಟಿದಳು. ಇಳಿಯುವಾಗ ಟ್ಯಾಕ್ಸಿಯವನನ್ನು, "ನಾಳಿದ್ದೂ ಬರ್ತೀಯೇನಪ್ಪ?" ಎಂದು ಕೇಳಿದ.

ಸಂಜೆ ಗ್ಯಾರೇಜಿನಲ್ಲಿ ಭಾವನನ್ನು ಚುಚ್ಚಲು ನನಗೊಂದು ವಿಷಯ ಸಿಕ್ಕಿತ್ತು.

"ಭಾವ, ನಿಮ್ಮ ಓಡೋ ರಥಕ್ಕಿಂತ ಆ ತೊಟ್ಟಿಲೇ ವಾಸಿ. ಅಪ್ಪ ದಾರೀಲಿ ನಿದ್ದೆ ಮಾಡ್ಬಿಟ್ಟ."

ಭಾವ ಬಟ್ಟೆಯಲ್ಲಿ ಕೈ ಒರೆಸುತ್ತಿದ್ದರು. ಒರೆಸುವುದು ನಿಂತಿತು.

"ನಿದ್ದೆ ಮಾಡಿದ್ರಾ?"

"ಹೂಂ. ಗೊರಕೆ ಬೇರೆ."

"ಮೇಲಿನ ಹಿಡಿ ಹಿಡ್ಕೊಂಡಿರ್ಲಿಲ್ವಾ?"

"ಇಲ್ಲ. ಯಾಕೆ?"

ಎರಡು ದಿನ ಕಳೆದು ಕಾರು ಸಿದ್ಧವಾದಾಗ ಭಾವ ಬೀಗದ ಕೈ ನನ್ನ ಕಡೆ ಎಸೆದು, "ನೀನು ಓಡ್ಸು. ಆಸ್ಪತ್ರೆ ರಸ್ತೆಗೆ ಹೋಗು" ಎಂದು ತಾವು ಹಿಂದೆ ಹತ್ತಿದರು. ಅಪ್ಪ ಕೂರುವ ಕಡೆಯಲ್ಲೇ, ಅಪ್ಪ ಕೂರುವ ಹಾಗೆಯೇ, ಒಂದೇ ಸೊಂಟದ ಮೇಲೆ ಭಾರ ಹಾಕಿ. ಸಿಮೆಂಟು ರಸ್ತೆ ಬಂತು. ಸ್ಟೇರಿಂಗ್ ಹಿಡಿದ ನನಗೆ ಅಂಥದ್ದೇನೂ ಅನ್ನಿಸಲಿಲ್ಲ, ಗಾಡಿ ನೆಟ್ಟಗೆ, ಚೆನ್ನಾಗಿ ಹೋಗುತ್ತಿತ್ತು. ಹಂಪು ದಾಟಿದ ಮೇಲೆ ಕನ್ನಡಿ ನೋಡಿದೆ. ಭಾವನ ಹಣೆ ಮಾತ್ರ ಕಾಣುತ್ತಿತ್ತು. ತೊಡೆಗೂ ಸೀಟಿಗೂ ನಡುವೆ ಅಂಗೈ ತೂರಿಸಿಕೊಂಡಿದ್ದರು.

"ನಿಲ್ಸು" ಅಂದರು.

ನಿಲ್ಲಿಸಿದೆ.

"ಇಷ್ಟು ವರ್ಷ ಆಯ್ತು, ನಾನು ಒಂದ್ಸಲಾನೂ ಇಲ್ಲಿ ಕೂತಿಲ್ಲ" ಅಂದರು. ಆಮೇಲೆ, "ಅವರಿಗೆ ಮೊದಲ ದಿನವೇ ಗೊತ್ತಾಗಿರುತ್ತೆ. ಕಣ್ಣು ಮುಚ್ಕೊಂಡು ಕೂತ್ರೂ ಯಾವ ಬುಶ್ ಅಂತ ಹೇಳೋ ಮನುಷ್ಯ. ಬಾಯಿ ಹಾಕಲ್ಲ ಅಂದಿದ್ರಲ್ಲ, ಹಾಕ್ಲಿಲ್ಲ. ನಾನು ಹೇಡಿ ಅಂದೆ."

ಗದರಿದವರಲ್ಲಿ ನಾನೂ ಇದ್ದೆನಲ್ಲ. ಸಮಾಧಾನ ಹೇಳಿದರೂ ಸುಳ್ಳಾಗುತ್ತದೆ ಅನ್ನಿಸಿ ಗಾಡಿ ತಿರುಗಿಸಿದೆ.

ಆವತ್ತೇ ನನ್ನ ಕೌಂಟರಿನಿಂದ ಒಂದು ಸೆಟ್ ರಬ್ಬರ್ ಬುಶ್ ತೆಗೆದುಕೊಂಡರು. ಯಾರನ್ನೂ ಕೈಹಾಕಲು ಬಿಡದೆ, ಕಾರನ್ನು ಲಿಫ್ಟಿಗೆ ಏರಿಸಿ, ಕೆಂಪು ಪಾಲಿಯನ್ನೆಲ್ಲ ಕಿತ್ತು ಕಪ್ಪು ರಬ್ಬರ್ ಕೂರಿಸಿ, ಬೋಲ್ಟುಗಳನ್ನು ಬಲವಾಗಿ ಬಿಗಿದರು. ಹೇಳಿ ಮಾಡುವ ಧೈರ್ಯ ಸಾಲದೆ ಕದ್ದು ಮಾಡಿದ ಹಾಗಿತ್ತು. ಅಪ್ಪನ ಎದುರಿಗೆ ಹೋಗಿ ತಪ್ಪಾಯಿತು ಅನ್ನಿ ಎಂದು ಅಕ್ಕ ಹೇಳಿದಳು. "ಹೇಳ್ತೀನಿ, ಹೇಳ್ತೀನಿ" ಅಂದರು. ಹೇಳಲಿಲ್ಲ. ಬೈಯುವಾಗ ನೀರಿನ ಹಾಗೆ ಹರಿದ ನಾಲಿಗೆ ಈಗ ಅಂಟಿಕೊಂಡಿತ್ತು.

ಅಪ್ಪನಿಗೆ ಮೊದಲ ಚಪ್ಪಡಿಯಲ್ಲೇ ಗೊತ್ತಾಗಿರಬೇಕು. ಭಾವನ ಕತ್ತಿನ ಹಿಂಭಾಗವನ್ನು ಸ್ವಲ್ಪ ಹೊತ್ತು ನೋಡಿ, ಹಿಡಿಯಿಂದ ಕೈ ಇಳಿಸಿದನಂತೆ. ಅಷ್ಟೇ. ದಿನ ತಪ್ಪದೆ ಹೋಗತೊಡಗಿದ. ಭಾವ ಹಗುರಾದರು. ಮನೆಯಲ್ಲಿ ಅಕ್ಕನ ಜೊತೆ ತಮಾಷೆಗೆ ನಿಂತರು. ಇಷ್ಟಕ್ಕೇ ಮುಗಿಯಿತು, ಬಾಯಿಬಿಟ್ಟು ಹೇಳುವ ಕಷ್ಟ ತಪ್ಪಿತು ಎಂದುಕೊಂಡಿದ್ದರೋ ಏನೋ.

ಕೆಲವೇ ವಾರದಲ್ಲಿ ಹಿಂದಿನಿಂದ ಟಕ್ ಟಕ್ ಎಂದು ಸದ್ದು ಶುರುವಾಯಿತು. ಅಪ್ಪನ ಕೈ ಮತ್ತೆ ಹಿಡಿಗೆ ಹೋಯಿತು. ಅದೇ ವಾರ ಫಿಸಿಯೋಥೆರಪಿಯ ಹುಡುಗಿ ಭಾವನನ್ನು ಹೊರಗೆ ಕರೆದು, "ಈಗ ಚೆನ್ನಾಗೇ ಮಾಡ್ತಿದ್ದಾರೆ. ಆದ್ರೆ ಕೀಲು ಸಡಿಲ ಆಗ್ಬೇಕಾದ ಸಮಯದಲ್ಲಿ ತುಂಬಾ ದಿನ ತಪ್ಪಿಹೋಯ್ತು. ಇನ್ನು ವಾಕರ್ ಬಿಡೋದು ಕಷ್ಟ. ಮೆಟ್ಟಿಲು ಹತ್ತೋ ಆಸೆ ಇಟ್ಕೋಬೇಡಿ" ಎಂದು ಹೇಳಿದಳು. ಭಾವ ಅದನ್ನು ಅಪ್ಪನಿಗೆ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ನೇರವಾಗಿ ಗ್ಯಾರೇಜಿಗೆ ಬಂದು ಕಾರನ್ನು ಲಿಫ್ಟಿಗೆ ಏರಿಸಿ ಬುಶ್ ಕಿತ್ತರು. ಹೊಸ ರಬ್ಬರು ಸುತ್ತಲೂ ಹರಿದಿತ್ತು. ಅದನ್ನು ತಂದು ನನ್ನ ಕೌಂಟರಿನ ಮೇಲೆ ಕುಕ್ಕಿದರು.

"ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀಯ. ನಿಮ್ಮಪ್ಪ ಕೂರೋ ಗಾಡಿಗೇ."

ನನ್ನ ಮೈ ಉರಿದುಹೋಯಿತು. ನನ್ನ ಕೌಂಟರಿನಲ್ಲಿ ಡೂಪ್ಲಿಕೇಟ್ ಎಂಬ ಮಾತು ಯಾರೂ ಆಡಿದ್ದಿಲ್ಲ. "ನನ್ನ ಮಾಲು ಸರಿಯಿದೆ. ನಿಮ್ಮ ಕೈ ಸರಿಯಿದೆಯಾ ನೋಡ್ಕೊಳ್ಳಿ" ಅಂದೆ. ಅವರಿಗೆ ಆ ಹುಡುಗಿ ಹೇಳಿದ್ದು ನನಗಿನ್ನೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಷ್ಟು ಕಟುವಾಗಿ ಹೇಳುತ್ತಿರಲಿಲ್ಲ. ಹರಿದ ಬುಶ್ಶನ್ನು ಕೈಚೀಲಕ್ಕೆ ಹಾಕಿಕೊಂಡು ಸಂಜೆ ಮನೆಗೆ ಹೋದೆ. ಭಾವ ಬಂದು ಕೂತ ಮೇಲೆ, ಅವರೆದುರಿಗೇ ಅಪ್ಪನ ಕೈಗೆ ಕೊಟ್ಟೆ.

"ನೋಡಪ್ಪ, ಇದು ಡೂಪ್ಲಿಕೇಟಾ? ನಿನ್ನ ಅಳಿಯ ಹೇಳ್ತಿದ್ದಾರೆ."

ಅಪ್ಪ ಎಷ್ಟೋ ವರ್ಷದ ನಂತರ ಒಂದು ಬುಶ್ಶನ್ನು ಕೈಯಲ್ಲಿ ಹಿಡಿದಿದ್ದ. ದೀಪದ ಕಡೆ ತಿರುಗಿಸಿ ನೋಡಿದ. ಹರಿದ ಅಂಚುಗಳೆಲ್ಲ ಒಂದೇ ಕಡೆಗೆ ಎಳೆದುಕೊಂಡಿದ್ದವು. ಅವನು ಹೊರಗಿನ ಬಳೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಒಳಗಿನ ಕಬ್ಬಿಣದ ಕೊಳವೆಗೆ ಬೆರಳು ತೂರಿಸಿ ಮೆಲ್ಲಗೆ ತಿರುಚಿದ. ರಬ್ಬರು ಬಾಯಿ ತೆರೆಯಿತು. ಬಿಟ್ಟ, ಮುಚ್ಚಿಕೊಂಡಿತು. ಮತ್ತೆ ತಿರುಚಿದ. ಆಮೇಲೆ ಅದನ್ನು ಭಾವನ ಕೈಗೆ ಕೊಟ್ಟು, ನೀರಿನ ಲೋಟ ಎತ್ತಿಕೊಂಡ.

ಭಾವನಿಗೆ ಅರ್ಥವಾಗಿತ್ತು, ನನಗೂ ಆಯಿತು. ಪಾಲಿ ಬುಶ್ ಗ್ರೀಸಿನಲ್ಲಿ ಸಲೀಸಾಗಿ ತಿರುಗುತ್ತದೆ, ಅದನ್ನು ಹೇಗೆ ಬಿಗಿದರೂ ನಡೆಯುತ್ತದೆ. ರಬ್ಬರ್ ಹಾಗಲ್ಲ, ಅದು ಒಳಗಿನ ಕಬ್ಬಿಣಕ್ಕೂ ಹೊರಗಿನ ಕಬ್ಬಿಣಕ್ಕೂ ಅಂಟಿಕೊಂಡೇ ಇರುತ್ತದೆ. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಬದುಕಬೇಕು. ಒಂದೊಂದು ಹಳ್ಳಕ್ಕೂ ಇನ್ನಷ್ಟು ತಿರುಚಿ, ಹರಿಯುತ್ತದೆ. ಗಾಡಿ ತನ್ನ ಭಾರದ ಮೇಲೆ, ಜನರ ಭಾರದ ಮೇಲೆ ನಿಂತಿರುವಾಗಲೇ ಬೋಲ್ಟ್ ಬಿಗಿಯಬೇಕು. ಪಿಟ್ಟಿಗಿಳಿದ ಮೊದಲ ದಿನ ಅಪ್ಪ ಭಾವನಿಗೆ ಕಲಿಸಿದ ಪಾಠ ಅದು. ಪಾಲಿಯೂ ಲಿಫ್ಟೂ ಸೇರಿ ಅದನ್ನು ಅವರ ಕೈಯಿಂದ ಮರೆಸಿದ್ದವು.

"ಮಾಲು ಸರಿಯಿದೆ" ಎಂದು ಭಾವ ನನಗೆ ಹೇಳಿದರು. ಊಟ ಮಾಡದೆ ಎದ್ದುಹೋದರು. ಅಕ್ಕ ಹಿಂದೆಯೇ ಹೋದಳು. ಹುಡುಗಿ ಹೇಳಿದ್ದನ್ನು ಆಗ ಅವಳ ಹತ್ತಿರ ಹೇಳಿಕೊಂಡರಂತೆ. "ಒಂದು ತಪ್ಪನ್ನ ಮುಚ್ಚೋಕೆ ಹೋಗಿ ಅವರು ಮೊದಲು ಕಲಿಸಿದ್ದನ್ನೇ ಮರೆತೆ. ನಡೆಯೋ ಮನುಷ್ಯನ್ನ ಕೂರಿಸಿಬಿಟ್ಟೆ ಕಣೇ" ಎಂದು ಅತ್ತರಂತೆ. ಅಕ್ಕ ನನಗೆ ಹೇಳುವಾಗ ಅವಳೂ ಅತ್ತಳು. ಅಪ್ಪನಿಗೆ ವಿಷಯ ಹೇಳಿದವಳು ಅವಳೇ. ಅಪ್ಪ, "ನನಗೆ ಗೊತ್ತಿತ್ತು ಬಿಡು. ಕಾಲು ನನ್ನದಲ್ವಾ" ಅಂದನಂತೆ.

ಮಾರನೆಯ ಬೆಳಗ್ಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಭಾವ ಟೈರಿನ ರಾಶಿಯನ್ನೆಲ್ಲ ಹೊರಗೆ ಎಸೆದು, ಹಲಗೆ ಕಿತ್ತು, ಪಿಟ್ಟನ್ನು ಗುಡಿಸುತ್ತಿದ್ದರು. ಜೇಡರ ಬಲೆ ತಲೆಗೆ ಮೆತ್ತಿಕೊಂಡಿತ್ತು. ಹೊಸ ಬುಶ್ ಕೂರಿಸಿ, ಬೋಲ್ಟು ಸಡಿಲವಾಗಿಯೇ ಬಿಟ್ಟು, ಕಾರನ್ನು ನಾಲ್ಕು ಚಕ್ರದ ಮೇಲೆ ಪಿಟ್ಟಿನ ಮೇಲೆ ತಂದು ನಿಲ್ಲಿಸಿದರು. ಆಮೇಲೆ ಮನೆಗೆ ಹೋಗಿ ಅಪ್ಪನನ್ನು ಕರೆತಂದರು. ಅಪ್ಪ ವಾಕರ್ ಹಿಡಿದು ಚರಂಡಿಯ ಕಲ್ಲಿನವರೆಗೆ ಬಂದು ನಿಂತ.

"ಕೆಲಸದ ವಿಷಯಕ್ಕೆ ಬಾಯಿ ಹಾಕಿ ಅಂತ ಕೇಳ್ತಿಲ್ಲ ಮಾವ" ಅಂದರು ಭಾವ. "ಸುಮ್ನೆ ಬಂದು ಕೂತ್ಕೊಳ್ಳಿ. ನೀವು ಕೂತಾಗ ಗಾಡಿ ಎಷ್ಟು ಇಳಿಯುತ್ತೋ ಅಷ್ಟಕ್ಕೇ ಬಿಗೀಬೇಕು. ನಿಮ್ಮ ಲೆಕ್ಕಕ್ಕೆ."

ಅಪ್ಪ ಒಳಗೆ ಬಂದ. ಲಿಫ್ಟಿನ ಕಂಬ ನೋಡಿದ, ನನ್ನ ಕೌಂಟರ್ ನೋಡಿದ. ಭಾವ ಕೆಳಗಿಳಿದು ಹಿಂದಿನ ಚಕ್ರದ ಆರ್ಮಿನ, ಆ ಕಬ್ಬಿಣದ ತೋಳಿನ, ಹತ್ತಿರ ತಲೆಯೆತ್ತಿ ನಿಂತರು. ನಾನು ಅಪ್ಪನ ಕೈ ಹಿಡಿದು ಹಿಂದಿನ ಸೀಟಿಗೆ ಹತ್ತಿಸಿದೆ, ಕಾಲು ಎತ್ತಿ ಒಳಗಿಟ್ಟೆ.

ಕೆಳಗಿನಿಂದ ಭಾವ ಕೂಗಿದರು. "ಮಾವ, ಕೂತ್ಕೊಳ್ಳಿ."

"ಕೂತಾಯ್ತಲ್ಲ ಅಳಿಯಂದ್ರೇ."

ನಾನು ಬಗ್ಗಿ ನೋಡಿದೆ. ಭಾವ ಆರ್ಮಿನ ಮೇಲೆ ಅಂಗೈ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಸ್ಪ್ರಿಂಗು ಒಂಚೂರೂ ಕುಸಿದಿರಲಿಲ್ಲ. ಅಪ್ಪನಲ್ಲಿ ಗಾಡಿ ಇಳಿಸುವಷ್ಟು ಮನುಷ್ಯ ಉಳಿದಿರಲಿಲ್ಲ.

"ನೀನೂ ಹತ್ತು" ಎಂದು ಭಾವ ನನ್ನ ಮುಖ ನೋಡದೆ ಹೇಳಿದರು. "ಅವರೊಬ್ಬರಿಂದ ಇಳೀತಿಲ್ಲ."

ನಾನು ಸುತ್ತಿ ಹೋಗಿ ಅಪ್ಪನ ಪಕ್ಕದಲ್ಲಿ ಕೂತೆ. ಗಾಡಿ ಮೆಲ್ಲಗೆ ಕೆಳಗಿಳಿಯಿತು. ಸ್ಪ್ಯಾನರ್ ಬೋಲ್ಟಿಗೆ ತಾಕಿದ ಸದ್ದು ಕೇಳಿತು, ಆದರೆ ಕಚ್ಚಿಕೊಳ್ಳಲಿಲ್ಲ. ಕಟಕಟ ಎಂದು ಬಡಿಯುತ್ತಲೇ ಇತ್ತು.

"ಮಾವ" ಎಂದು ನಮ್ಮ ಕಾಲಡಿಯಿಂದ ಭಾವನ ದನಿ ಬಂತು. "ಅವತ್ತು ನಾನು ಹಾಗೆ ಅನ್ನಬಾರದಿತ್ತು. ಎಷ್ಟು ದಿನ ಎತ್ತಿ ಇಳಿಸೋದು ಅಂದೆ ನಿಮಗೆ."

ಅಪ್ಪ ಸ್ಪ್ಯಾನರಿನ ಸದ್ದಿಗೆ ಕಿವಿಗೊಟ್ಟ.

"ಕೈ ನಡುಗ್ತಿದೆ ನಿಮ್ಮದು. ಈಗಲೇ ಬಿಗೀಬೇಡಿ, ಸುಧಾರಿಸ್ಕೊಳ್ಳಿ" ಅಂದ. "ನಾನೇನು ಎದ್ದು ಹೋಗಲ್ಲ."